ಅರವತ್ತೆರಡು ಪರ್ಸೆಂಟ್

ಸೆಪ್ಟೆಂಬರ್ 24, ಬುಧವಾರ. ಬೆಳಿಗ್ಗೆ 7

ಇವತ್ತೂ ಕಂಪ್ಯೂಟರ್ ನಿಂತಿತು. ಈ ವಾರ ನಾಲ್ಕನೇ ಸಲ. ಮೌಸ್ ಎಷ್ಟು ಆಡಿಸಿದರೂ ಬಾಣ ಅಲುಗುವುದಿಲ್ಲ. ಅಪ್ಪ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ, ದವಾಖಾನೆಯಲ್ಲಿ ಪಾಳಿಗೆ ಕೂತವರ ಹಾಗೆ. ಬಟನ್ ಒತ್ತಿ ಹಿಡಿದು ಆರಿಸಿದೆ. ಮತ್ತೆ ಹಚ್ಚಿದೆ. ಏಳಲು ಹತ್ತು ನಿಮಿಷ. ಅಂಗಡಿ ತೆರೆಯುವ ಮುಂಚೆ ಅವನಿಗೆ ಸಿಗುವುದೇ ಒಂದು ತಾಸು.

ಅವನು ಟೈಪ್ ಮಾಡುತ್ತಿದ್ದದ್ದು ಬೀಸುವ ಪದ, ಬೀಸುಕಲ್ಲಿನ ಮುಂದೆ ಹೇಳುವ ಹಾಡು. ವಳಕಮದಿನ್ನಿಯ ಗ್ಯಾನಮ್ಮ ಹೇಳಿದ್ದು. ಅಪ್ಪನದು ಮಸ್ಕಿಯಲ್ಲಿ ಕಿರಾಣಿ ಅಂಗಡಿ, ಕಲಿತದ್ದು ಏಳನೇ ಕ್ಲಾಸು — ಆದರೂ ಆರು ವರ್ಷದಿಂದ ಐತವಾರಕ್ಕೊಮ್ಮೆ ಹಳ್ಳಿಗೆ ಹೋಗಿ ಮುದುಕಿಯರ ಮುಂದೆ ಕೂತು ಬರುತ್ತಾನೆ. ಸಿಕ್ಕ ಕಾಗದದಲ್ಲಿ ಬರೆದುಕೊಳ್ಳುತ್ತಾನೆ. ಮನೆಗೆ ಬಂದು ಕಂಪ್ಯೂಟರಿನ ನುಡಿ ಸಾಫ್ಟ್‌ವೇರಿನಲ್ಲಿ ಒಂದೇ ಬೆರಳಿಂದ ಕುಟ್ಟುತ್ತಾನೆ. ಟೈಪ್ ಆಯಿತೋ, ಆ ಕಾಗದ ಅಂಗಡಿಗೆ. ಅದರಲ್ಲಿ ಸಾಸಿವೆ, ಜೀರಿಗೆ ಪೊಟ್ಟಣ ಕಟ್ಟುತ್ತಾನೆ. ಕಂಪ್ಯೂಟರಿನಾಗ ಕುಂತದ್ದು ಕಲ್ಲಿನಾಗ ಕೊರೆದಂಗ ಅಂತ ಅವನ ನಂಬಿಕೆ.

ಇವತ್ತಿಗೆ 214 ಪದ. ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ.

ಪೆನ್‌ಡ್ರೈವಿಗೆ ಹಾಕಿಡೋಣ ಎಂದೆ. ನಾಳೆ ಅಂದ. ನಾನೂ ಸುಮ್ಮನಾದೆ.

ಸೆಪ್ಟೆಂಬರ್ 27, ಶನಿವಾರ

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ ಧೂಳು — ಗೋಣಿಚೀಲ ಝಾಡಿಸಿದಷ್ಟು. ಹಳೆ ಬ್ರಷ್‌ನಿಂದ ಫ್ಯಾನ್ ತಿಕ್ಕಿದೆ. ಯೂಟ್ಯೂಬ್ ನೋಡಿ RAM ತೆಗೆದು, ಹಳದಿ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಮೂರು ತಾಸು ನಿಲ್ಲದೆ ನಡೆಯಿತು.

ಅಪ್ಪನಿಗೆ ಖುಷಿ. ಬೆಲ್ಲ ಒಯ್ಯಲು ಬಂದವರಿಗೆ, ನಮ್ಮ ರಾಜಶ್ರೀ ಕಂಪ್ಯೂಟರ್ ಕಲಿಯಾಕತ್ತಾಳ ಎಂದ. ನಾನು ಏನೂ ಕಲಿಯುತ್ತಿಲ್ಲ. ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋದವು, ಮತ್ತೆ ಪರೀಕ್ಷೆ ಕಟ್ಟಲಿಲ್ಲ, ಬಿಟ್ಟೆ. ಅಪ್ಪ ಆಗಲೂ ಊರಿಗೆಲ್ಲ ಮಗಳಿಗೆ ಕಾಮಾಲೆ ಆಗಿತ್ತು ಎಂದ. ಕೇಳಿದವರಿಗೆಲ್ಲ ನಾನು ಕಾಮಾಲೆ ಅಲ್ಲ, ಫೇಲು ಎಂದೆ. ಎರಡು ವರ್ಷದಿಂದ ಇದೇ ನಡೆದಿದೆ. ಅವನು ಮುಚ್ಚುತ್ತಾನೆ, ನಾನು ತೆಗೆಯುತ್ತೇನೆ.

ಕಂಪ್ಯೂಟರ್ ತಂದದ್ದು ನನ್ನ ಓದಿಗೆ. ಸೆಕೆಂಡ್ ಹ್ಯಾಂಡ್. ನಾನು ಬಿಟ್ಟ ಮೇಲೆ ಅವನು ಹಿಡಿದ.

ಅಕ್ಟೋಬರ್ 1, ಬುಧವಾರ. ಮಹಾನವಮಿ

ಬೆಳಿಗ್ಗೆ ಲಿಂಗಸುಗೂರಿನಿಂದ ಸೋದರಮಾವ ಸಿದ್ದರಾಮೇಶನ ಫೋನ್. ಸ್ಪೀಕರ್ ಹಾಕಿದ್ದ ಅಪ್ಪ. ರಾಜಿ ಏನು ಮಾಡುತ್ತಾಳೆ ಎಂದು ಮಾವ ಕೇಳಿದರೆ, ಸಿಂಧನೂರಾಗ ಡಿಗ್ರಿ ಎರಡನೇ ವರ್ಷ ಎಂದ. ಬಾಯಿ ತಡವರಿಸಲಿಲ್ಲ. ಅಡುಗೆಮನೆಯಿಂದಲೇ ಕೂಗಿದೆ:

“ಸುಳ್ಳ ಮಾವ. ಪಿಯುಸಿ ಫೇಲಾಗಿ ಮನ್ಯಾಗ ಕುಂತೀನಿ.”

ಅಪ್ಪ ಫೋನ್ ಇಟ್ಟ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

“ನಿನ್ನ ಖರೇ ಮಾತಿಗಿಷ್ಟು ಬೆಂಕಿ ಹಚ್ಚ. ಅದರಿಂದ ಯಾರ ಹೊಟ್ಟಿ ತಣ್ಣಗಾಗೈತಿಬೇ?”

ಆಮೇಲೆ ಪೂಜೆ. ತಕ್ಕಡಿ, ಕತ್ತರಿ, ಮೋಪೆಡ್, ಕಂಪ್ಯೂಟರ್. ಈ ದಿನ ನಮ್ಮ ಮನೆಯಲ್ಲಿ ಯಾವ ಸಾಮಾನೂ ದುಡಿಯುವಂತಿಲ್ಲ. ಮಿಕ್ಸರ್ ಕೂಡ ತಿರುಗುವುದಿಲ್ಲ. ಅಪ್ಪ ಬೋರ್ಡಿನಲ್ಲೇ ಸ್ವಿಚ್ ಆರಿಸಿದ. ಅವ್ವ ಕಂಪ್ಯೂಟರಿನ ಡಬ್ಬಿಗೆ ಮೂರೆಳೆ ವಿಭೂತಿ ಬಳಿದು, ಕಾಯಿ ಒಡೆದು ನೀರು ಚಿಮುಕಿಸಿದಳು. ನಾಳೆ ಬನ್ನಿ ಕೊಡುವ ತನಕ ಮುಟ್ಟುವಂತಿಲ್ಲ.

ಮತ್ತೇನಿಲ್ಲ.

ಅಕ್ಟೋಬರ್ 2, ಗುರುವಾರ

ಸಂಜೆ ಬನ್ನಿ ಕೊಟ್ಟು ಅಪ್ಪನ ಕಾಲು ಮುಟ್ಟಿದೆ. ಬಂಗಾರದಂಗ ಇರು ಅಂದ, ಮುಖ ನೋಡದೆ. ನಂತರ ವಿಭೂತಿ ಒರೆಸಿ ಕಂಪ್ಯೂಟರ್ ಹಚ್ಚಿದ.

ಏಳಲಿಲ್ಲ. ಚುಕ್ಕಿಗಳು ಸುತ್ತಿದವು. ರಿಪೇರಿ ನಡೆದಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಕಪ್ಪಾಯಿತು. ಮತ್ತೆ ಚುಕ್ಕಿ, ಮತ್ತೆ ಕಪ್ಪು. ಆರು ಸಲ ನೋಡಿದೆವು. ಏಳನೇ ಸಲ ಅಪ್ಪ ಅವ್ವನ ಕಡೆ ತಿರುಗಿದ.

“ಕಾಯಿ ನೀರು ಒಳಗ ಇಳದೈತಿ.”

“ಒಂದ ಹನಿರೀ.”

“ಒಂದ ಹನಿ ಸಾಕು, ಶೇಖರಮ್ಮ. ಮುದುಕ್ಯಾರನ್ನೆಲ್ಲ ಒಂದ ಹನಿಯಾಗ ಮುಣಗಿಸಿದಿ.”

ಅವ್ವ ಒಳಗೆ ಹೋದಳು. ನಾನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ನಿಂತೇ ಇದ್ದೆ.

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 6

ಮೊನ್ನೆ ‘ಮತ್ತೇನಿಲ್ಲ’ ಎಂದು ಬರೆದೆ. ಇತ್ತು.

ಆ ಬೆಳಿಗ್ಗೆ ಅಪ್‌ಡೇಟ್ ನಡೆದಿತ್ತು. ನೀಲಿ ಪರದೆ, ಅರವತ್ತೆರಡು ಪರ್ಸೆಂಟ್, ಕೆಳಗೆ ಇಂಗ್ಲಿಷಿನಲ್ಲಿ — ಕಂಪ್ಯೂಟರ್ ಆರಿಸಬೇಡಿ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೇಳಿದ:

“ರಾಜಿ, ಏನೋ ಬರದೈತಿಲ್ಲಿ. ಬಂದ್ ಮಾಡ್ಲೇನು?”

ಫೋನಿನ ಮಾತಾಗಿ ಅರ್ಧ ತಾಸೂ ಆಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ಓದಿದೆ. ಪೂರ್ತಿ ಓದಿದೆ. ಅಪ್ಪ ಅಂದ ಬೆಂಕಿ ಎಂಬ ಮಾತು ಇನ್ನೂ ಉರಿಯುತ್ತಿತ್ತು.

“ಹೂಂ” ಎಂದೆ.

ಸುಳ್ಳು ಹೇಳಲು ಇಷ್ಟೇ ಸಾಕು ಎಂದು ಗೊತ್ತಿರಲಿಲ್ಲ. ಈ ನೋಟ್‌ಬುಕ್ ಯಾರೂ ಓದುವುದಿಲ್ಲ. ಇಲ್ಲಿಯೂ ಮುಚ್ಚಿಟ್ಟೆನಲ್ಲ — ಕಾಮಾಲೆ ಅಂದ ಅಪ್ಪನ ಮಗಳೇ ಸರಿ.

ಅಕ್ಟೋಬರ್ 6, ಸೋಮವಾರ

ಮೂರು ದಿನದಿಂದ ಗುದ್ದಾಡುತ್ತಿದ್ದೇನೆ. ಸೇಫ್ ಮೋಡ್ — ಹೋಗುವುದಿಲ್ಲ. ಸ್ಟಾರ್ಟ್‌ಅಪ್ ರಿಪೇರಿ — ಆಗಲಿಲ್ಲ ಎನ್ನುತ್ತದೆ. ಅಪ್‌ಡೇಟ್ ತೆಗೆದುಹಾಕು ಎಂದರೆ ನಾಲ್ಕು ತಾಸು ಸುತ್ತಿ ನಿಲ್ಲುತ್ತದೆ. ಕಡೆಗೆ ಒಂದು ದಾರಿ ತೋರಿಸಿತು — ಎಲ್ಲ ಅಳಿಸಿ ಹೊಸದಾಗಿ. ಬಾಣ ಅದರ ಮೇಲಿಟ್ಟು ಬಹಳ ಹೊತ್ತು ಕೂತೆ. ಒತ್ತಲಿಲ್ಲ. ಒಳಗಿಂದ ಟಿಕ್ ಟಿಕ್ ಎಂಬ ಸದ್ದು. ಅದು ಮೊದಲು ಇತ್ತೇ? ನೆನಪಿಲ್ಲ.

ತಗಡು ಬಿಚ್ಚಿ ಅವ್ವನಿಗೆ ತೋರಿಸಿದೆ. ಒಳಗೆ ಒಣಗಿದೆ, ನೀರಿನ ಕಲೆಯೂ ಇಲ್ಲ, ನಿನ್ನಿಂದ ಆದದ್ದಲ್ಲ ಎಂದೆ. ಇವತ್ತು ಸೋಮವಾರ, ಒಪ್ಪತ್ತು ಉಣ್ಣುವವಳು ಆ ಒಪ್ಪತ್ತನ್ನೂ ಬಿಟ್ಟಿದ್ದಾಳೆ.

“ನೀ ಸುಳ್ಳ ಹೇಳಾಕಿ ಅಲ್ಲ. ಆದ್ರ ಇದೊಂದು ನನ್ನ ಸಮಾಧಾನಕ್ಕ ಹೇಳಾಕತ್ತಿ,” ಎಂದಳು.

ಅಲ್ಲಿಯೇ ಹೇಳಬಹುದಿತ್ತು. ತಗಡು ಮುಚ್ಚಿ ಸ್ಕ್ರೂ ಬಿಗಿದೆ. ನಾಲ್ಕೂ ಬಿಗಿದೆ.

ಅಕ್ಟೋಬರ್ 9, ಗುರುವಾರ

ಸಿಂಧನೂರು. ಸಿಪಿಯು ತೊಡೆಯ ಮೇಲೆ, ಅವ್ವನ ಹಳೆ ಸೀರೆಯಲ್ಲಿ ಸುತ್ತಿ. ಬಸ್ಸಿನಲ್ಲಿ ಆಧಾರ್ ತೋರಿಸಿದೆ, ಹೆಣ್ಣುಮಕ್ಕಳಿಗೆ ಫ್ರೀ. ಕೂಸು ಹೆಣ್ಣೇನವ್ವ, ಗಂಡಾದ್ರ ಟಿಕೆಟ್ ಹತ್ತತೈತಿ ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನನಗೂ ನಗು ಬಂತು — ಅದಕ್ಕೇ ಇನ್ನಷ್ಟು ಕೆಟ್ಟದೆನಿಸಿತು.

ಬಸ್ ಸ್ಟ್ಯಾಂಡ್ ಹಿಂದೆ ಜಾಹೀದ್ ಎಂಬವನ ರಿಪೇರಿ ಅಂಗಡಿ. ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಕಿವಿ ಇಟ್ಟು ಕೇಳಿದ, ಡಾಕ್ಟರ್ ಹಾಗೆ. ಎಷ್ಟು ದಿನದಿಂದ ನಿಂತು ನಿಂತು ನಡೆಯುತ್ತಿತ್ತು ಎಂದ. ತಿಂಗಳು ಎಂದೆ. ಡಿಸ್ಕ್ ಆಗಲೇ ಸಾಯುತ್ತಿತ್ತಂತೆ. RAM ಉಜ್ಜಿದ್ದು, ಧೂಳು ತೆಗೆದದ್ದು, ಎಲ್ಲ ಬರೀ ಹೊರಗಿನ ಸಿಂಗಾರ.

ನಾಲ್ಕು ತಾಸು ಕೂತೆ. ಒಂದೊಂದೇ ಫೈಲ್ ಬಂತು. ತೆರೆದರೆ ಹುಚ್ಚು ಅಕ್ಷರ. ಇದು ಕೆಟ್ಟದ, ಬಿಡು ತಂಗಿ ಎಂದ. ಕೆಟ್ಟಿಲ್ಲ, ನುಡಿ ಹಾಕು ಎಂದೆ. ಹಾಕಿದ. ಕನ್ನಡ ಬಂತು. ಗ್ಯಾನಮ್ಮ ಬಂದಳು, ಜವಳಗೇರಾದ ಮುದುಕಿ ಬಂದಳು. ಎಣಿಸುತ್ತಾ ಹೋದೆ. ಮೂವತ್ತೊಂದಕ್ಕೆ ನಿಂತಿತು. ಡಿಸ್ಕ್ ತಿರುಗುವುದೂ ನಿಂತಿತು.

ಅಪ್‌ಡೇಟ್ ನಡುವೆ ಕರೆಂಟ್ ತೆಗೆದದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ.

“ಅದು ಸಾಯೂದು ಸಾಯ್ತಿತ್ತು ತಂಗಿ. ಆದ್ರ ಅವತ್ತು ಸಾಯ್ತಿದ್ದಿಲ್ಲ. ಬಂದ್ ಮಾಡಿದ್ದು ಕಡೀ ಒದಿಕಿ. ಒಂದು ದಿನ ಸಿಕ್ಕಿದ್ರ ಎಲ್ಲಾ ಕಾಪಿ ಹೊಡೀಬಹುದಿತ್ತು. ಯಾರು ಬಂದ್ ಮಾಡಿದ್ರು?”

“ನಾ,” ಎಂದೆ.

ಪರರ ಮುಂದೆ ಎಷ್ಟು ಹಗುರ!

ಅಕ್ಟೋಬರ್ 11, ಶನಿವಾರ

ಒಂದು ದಿನ ಬರೆಯಲಿಲ್ಲ.

ಗುರುವಾರ ಸಂಜೆ ಮೂವತ್ತೊಂದು ಪದ ಇದ್ದ ಪೆನ್‌ಡ್ರೈವ್ ಅಪ್ಪನಿಗೆ ಕೊಟ್ಟೆ. ಡಿಸ್ಕ್ ಮೊದಲೇ ಸಾಯುತ್ತಿತ್ತು ಎಂಬುದನ್ನಷ್ಟೇ ಹೇಳಿದೆ. ಅವ್ವ ದೇವರ ಜಗಲಿಯ ಮುಂದೆ ಕೂತುಬಿಟ್ಟಳು. ಅಪ್ಪ, ಹಂಗಾರ ಯಾರ ತಪ್ಪೂ ಅಲ್ಲ ಅಂದ. ತಪ್ಪು ತಿಳಿದೆ ಎಂದು ಅವ್ವನಿಗೂ ಹೇಳಿದ. ಅವಳು ಉಂಡಳು. ಎಲ್ಲ ಅಲ್ಲಿಗೇ ಮುಗಿದಿತ್ತು. ಬಾಯಿ ಮುಚ್ಚಿದ್ದರೆ ಸಾಕಿತ್ತು.

ನಿನ್ನೆ ಬೆಳಿಗ್ಗೆ ಅಂಗಡಿಗೆ ಹೋದೆ. ಅಪ್ಪ ಪೊಟ್ಟಣದ ಕಾಗದದ ಕಟ್ಟು ಬಿಚ್ಚಿ ಒಂದೊಂದೇ ತಿರುವುತ್ತಿದ್ದ, ತನ್ನ ಅಕ್ಷರ ಎಲ್ಲಾದರೂ ಉಳಿದಿದೆಯೋ ಎಂದು. ಹಳೆ ಪೇಪರು, ಪರೀಕ್ಷೆಯ ಉತ್ತರಪತ್ರಿಕೆ, ಅಷ್ಟೇ. ನಿಂತುಕೊಂಡೇ ಹೇಳಿದೆ. ಅರವತ್ತೆರಡು. ಕೆಳಗೆ ಬರೆದದ್ದು. ಅವನು ಕೇಳಿದ್ದು. ನಾನು ಅಂದದ್ದು.

ಅಪ್ಪ ಕಾಗದ ತಿರುವುವುದನ್ನು ನಿಲ್ಲಿಸಲಿಲ್ಲ.

“ಓದಿ ಹೂಂ ಅಂದ್ಯಾ? ಓದದ ಅಂದ್ಯಾ?”

“ಓದಿ.”

“ಹೂಂ,” ಎಂದ. ಗಿರಾಕಿ ಬಂದರು. ಅರ್ಧ ಕಿಲೋ ಅವಲಕ್ಕಿ ತೂಗಿಕೊಟ್ಟ. ತಕ್ಕಡಿಗೆ ಇನ್ನೂ ಪೂಜೆಯ ಕುಂಕುಮ.

ಸಂಜೆ ಅವನೇ ಲಿಂಗಸುಗೂರಿಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕಿದ. ನನಗೆ ಕೇಳಲಿ ಎಂದೇ ಹಾಕಿದ.

“ಸಿದ್ದರಾಮೇಶ, ಅವತ್ತು ರಾಜಿ ಅಂದದ್ದ ಖರೇ. ನಾ ಹೇಳಿದ್ದು ಸುಳ್ಳು. ಆಕಿ ಫೇಲಾಗ್ಯಾಳ. ಏನೂ ಓದಾಕತ್ತಿಲ್ಲ.”

ಎರಡು ವರ್ಷ ಈ ಮಾತಿಗೇ ಕಾದಿದ್ದೆ. ಬಂತು. ಒಂದಕ್ಷರ ಸುಳ್ಳಿಲ್ಲ. ನನ್ನನ್ನು ಕಾಪಾಡುವುದನ್ನು ಬಿಟ್ಟ, ಅಷ್ಟೇ ಅದರರ್ಥ.

ಅಕ್ಟೋಬರ್ 12, ಐತವಾರ. ಬೆಳಿಗ್ಗೆ 8

ಅಪ್ಪ ವಳಕಮದಿನ್ನಿಗೆ ಹೊರಟಿದ್ದಾನೆ. ಗ್ಯಾನಮ್ಮನಿಗೆ ಈಗ ಪದ ಬೆರಕೆಯಾಗುತ್ತವಂತೆ. ಒಂದರ ತಲೆ, ಇನ್ನೊಂದರ ಬಾಲ. ಇದ್ದಷ್ಟು ತರುತ್ತೇನೆ ಎಂದು ಅವ್ವನಿಗೆ ಹೇಳಿದ. ಅಂಗಡಿಯಿಂದ ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದಿದ್ದಾನೆ. ಒಂದಲ್ಲ, ಎರಡು. ಒಂದನ್ನು ಚೀಲಕ್ಕೆ ಹಾಕಿದ. ಇನ್ನೊಂದು ಕಂಪ್ಯೂಟರ್ ಇದ್ದ ಮೇಜಿನ ಮೇಲೆ ಹಾಗೇ ಇದೆ. ಯಾರಿಗೆಂದು ಹೇಳಲಿಲ್ಲ.

ಬರಲೇನಪ್ಪಾ ಎಂದೆ. ಚೀಲ ಹೆಗಲಿಗೆ ಹಾಕಿ ಹೊರಗೆ ನಡೆದ. ಕೇಳಿಸಿಲ್ಲ ಎನ್ನುವಂತಿಲ್ಲ.

ಮೋಪೆಡ್ ಚಾಲೂ ಆಯಿತು. ಹೊರಗೆ ಸದ್ದು ಮಾಡುತ್ತಾ ನಿಂತೇ ಇದೆ. ಕರೆಯುತ್ತಿಲ್ಲ. ಹೋಗುತ್ತಲೂ ಇಲ್ಲ. ಆ ನೋಟ್‌ಬುಕ್ ತೆಗೆದುಕೊಂಡು ನಾನೂ ಹೊರಟೆ.