ಪಾದ್ರಿಯನ್ನು ಬೈಯುವವರಿಲ್ಲ

ಅಕ್ಟೋಬರ್ 9, 2022, ಭಾನುವಾರ, ಸಂಜೆ

ಮಂಡಿ ಹಿಡ್ಕೊಂಡಿತ್ತು. ಆದ್ರೂ ಹೋದೆ. ಫೈರ್ ಸ್ಟೇಷನ್ ಹಾಲ್, ಮಧ್ಯಾಹ್ನದ ಕುಸ್ತಿ, ಮೊದಲನೇ ಸಾಲಿನ ಮೂಲೆ ಕುರ್ಚಿ. ಪಕ್ಕದ ಕುರ್ಚಿ ಖಾಲಿ. ಅಲ್ಲಿ ಯಾವಾಗ್ಲೂ ಕೂರೋ ನನ್ನ ಹಳೇ ಗೆಳೆಯ ಆರ್ವಿಲ್ ಬೆಳಿಗ್ಗೆನೇ ಫೋನ್ ಮಾಡಿದ್ದ.

"ಮನೇಲೇ ಕಂಪ್ಯೂಟರಲ್ಲಿ ನೋಡ್ತೀನಿ ಕಣೇ ವಾಂಡಾ. ಅಲ್ಲಿ ಬಂದು ಏನು ಮಾಡ್ಲಿ? ಈಗ ಬರೋ ಹುಡುಗರು ಕುಸ್ತಿ ನೋಡಲ್ಲ, ಮಾರ್ಕ್ಸ್ ಹಾಕ್ತಾರೆ."

ಈ ಮಾತು ಹೇಳೋನು ಯಾರು? ಜಪಾನಿನಿಂದ, ಮೆಕ್ಸಿಕೋದಿಂದ ಪೋಸ್ಟಲ್ಲಿ ಕುಸ್ತಿ ಕ್ಯಾಸೆಟ್ ತರಿಸ್ಕೊಂಡು, ಊರಿಗೆಲ್ಲ ಹಂಚಿ, ಹುಚ್ಚು ಹಿಡಿಸಿದೋನು.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೂ ಈ ಹಾಲ್ ತುಂಬ್ತಿತ್ತು. ಟೀವಿಯಲ್ಲಿ ಬರೋ ದೊಡ್ಡ ಕಂಪನಿ ಕುಸ್ತಿ ಅಲ್ಲ, ನಮ್ಮದೇ ಸಣ್ಣ ಕಂಪನಿ. ಗಂಡಸರು ವಾರವೆಲ್ಲ ಮೇಸ್ತ್ರಿಗೆ ಹೇಳಕ್ಕಾಗದ್ದನ್ನ ಇಲ್ಲಿ ಬಂದು ಪಾದ್ರಿಗೆ ಹೇಳೋರು. ಪಾದ್ರಿ ಅಂದ್ರೆ ನಮ್ಮ ವಿಲನ್. ಕರೀ ನಿಲುವಂಗಿ ಹಾಕ್ಕೊಂಡು ರಿಂಗಿಗೆ ಬಂದು, ನೀವೆಲ್ಲ ಪಾಪಿಗಳು ಅಂತ ಉಪದೇಶ ಮಾಡ್ತಾನೆ. ನಾಟಕ ಅಂತ ಯಾರಿಗೆ ಗೊತ್ತಿರಲಿಲ್ಲ? ಗೊತ್ತಿದ್ದೇ ಕೋಪ ಮಾಡ್ಕೊಳ್ತಿದ್ವಿ. ನನ್ನ ಗಂಡ ಲಿಯೋನ್ ತೀರಿಹೋದ ವಾರ ಕೂಡ ಹೋಗಿ ಬೈದಿದ್ದೆ. ಮನೇಲಿ ಬರದ ಅಳು ಅಲ್ಲಿ ಬಂತು.

ಇವತ್ತೂ ಪಾದ್ರಿ ಅದೇ ಹಳೇ ಮಾತು ಹೇಳಿದ — "ಈ ಊರಲ್ಲಿ ಮರ್ಯಾದಸ್ಥ ಅಂತ ಒಬ್ಬನಿದ್ದ. ಅವನೂ ಬಸ್ ಹತ್ತಿ ಹೋದ." ಹುಡುಗರು ಅವನ ಜೊತೆ ಜೊತೆಗೇ ಹೇಳಿದ್ರು. ಆಮೇಲೆ ಚಪ್ಪಾಳೆ. "ಲೆಜೆಂಡ್, ಲೆಜೆಂಡ್" ಅಂತ.

ಒಬ್ಬಳೇ ಬೈದೆ. ಯಾರಿಗೂ ಕೇಳಿಸಲಿಲ್ಲ.

ನವೆಂಬರ್ 13

ಇವತ್ತು ಆದದ್ದು ಬರೆದಿಡಬೇಕು.

ಕಾರ್ ಹತ್ರ ಹೋಗ್ತಿದ್ದೆ. ಪಾದ್ರಿ ಹಿಂದಿನಿಂದ ಬಂದ. ನಿಲುವಂಗಿ ಇಲ್ಲ, ಹಳೇ ಸ್ವೆಟರ್. ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಹತ್ರ ನೆಟ್ಟಗೆ ಮಾತಾಡಿದೋನಲ್ಲ. ಒಂದ್ಸಲ ಅಂಗಡೀಲಿ ಎದುರಾದಾಗ ದುರುಗುಟ್ಟಿ ನೋಡಿ, ನನ್ನ ಕೈಲಿದ್ದ ಕೊನೇ ಬ್ರೆಡ್ ಕಿತ್ಕೊಂಡು ಹೋಗಿದ್ದ. ಅಂಗಡೀಲೂ ವಿಲನ್ನೇ ಅಂತ ಅವತ್ತು ಮನೆವರೆಗೂ ನಕ್ಕೊಂಡು ಬಂದಿದ್ದೆ.

"ನನ್ನ ಹೆಸರು ಡ್ವೈಟ್" ಅಂದ. ಸಣ್ಣ ದನಿ.

"ಗೊತ್ತು. ಊರಿಗೆಲ್ಲ ಗೊತ್ತು. ಯಾರೂ ಹೇಳಲ್ಲ ಅಷ್ಟೆ."

"ವಾಂಡಾ ಅವರೇ, ನನ್ನನ್ನ ಬೈಯ್ರಿ."

"ಬೈತಾನೇ ಇದ್ದೀನಲ್ಲಪ್ಪ."

"ಇನ್ನೂ ಜೋರಾಗಿ. ನೀವು ಶುರು ಮಾಡಿದ್ರೆ ಮಿಕ್ಕೋರೂ ಬೈಬಹುದು. ಅವರು ಹೀಗೆ ಚಪ್ಪಾಳೆ ಹೊಡೀತಾ ಇದ್ರೆ ನಾನು ಅಲ್ಲಿ ನಿಂತು ಏನು ಮಾಡ್ಲಿ ಹೇಳಿ? ಬೈಸ್ಕೊಳ್ಳೋದು ಬಿಟ್ರೆ ನಂಗೇನೂ ಬರಲ್ಲ."

"ಲೈಲ್ ಏನಂತಾನೆ?" ಲೈಲ್ ಕಂಪನಿ ನಡೆಸೋನು.

"ರಿಂಗಲ್ಲಿ ಏಣಿ ಇಟ್ಟು ಹತ್ತು ಅಂತಾನೆ. ಮೇಲಿಂದ ಬಿದ್ರೆ ವಿಡಿಯೋ ಓಡುತ್ತಂತೆ. ನನ್ನ ಬೆನ್ನು ನೋಡಿದ್ದೀರಲ್ಲ…"

ನೋಡಿದ್ದೀನಿ. ರಿಂಗಿನ ಮೆಟ್ಟಿಲು ಹತ್ತೋವಾಗ ಹಗ್ಗ ಹಿಡಿದು ಒಂದು ಗಳಿಗೆ ನಿಲ್ತಾನೆ. ಜನ ಅದನ್ನೂ ಗತ್ತು ಅಂದ್ಕೊಂಡಿದ್ದಾರೆ.

ಬೈತೀನಿ ಅಂದೆ.

ಡಿಸೆಂಬರ್ 11

ಬೈದೆ. ಕುರ್ಚಿ ಬಿಟ್ಟು ಎದ್ದು ಬೈದೆ. ಕಳ್ಳ ಪಾದ್ರಿ, ದೇವರ ಹುಂಡಿಗೆ ಕೈ ಹಾಕೋನೇ, ನಿನ್ನ ಹೆತ್ತಮ್ಮ ನಿನ್ನ ಉಪದೇಶ ಕೇಳಿದ್ರೆ ಗೋರೀಲೂ ಮಗ್ಗುಲು ಬದಲಾಯಿಸಿ ಮಲಗ್ತಾಳೆ… ಬಂದದ್ದೆಲ್ಲ. ಅವನ ಮುಖ ಹಳೇ ಕಾಲದ ಹಾಗೆ ಉರೀತು. ರಿಂಗಿನ ಸುತ್ತ ಹಾಕಿರೋ ಬೇಲಿವರೆಗೂ ಬಂದು ನನ್ನ ಮೂಗಿನ ಮುಂದೆ ಬೆರಳಾಡಿಸಿದ. "ಮುದುಕಿ, ನರಕದಲ್ಲೂ ನಿಂಗೆ ಮೊದಲನೇ ಸಾಲೇ."

ಎಂಥಾ ಚೆನ್ನಾಗಿತ್ತು ಆ ಒಂದು ನಿಮಿಷ.

ಆಮೇಲೆ ತಿರುಗಿ ನೋಡ್ತೀನಿ — ಎಲ್ಲರ ಫೋನೂ ನನ್ನ ಕಡೆ. "ಅಜ್ಜಿ, ಅಜ್ಜಿ" ಅಂತ ಕೂಗು. ಅವನ ಕಡೆ ಯಾರೂ ನೋಡ್ತಿರಲಿಲ್ಲ.

ಡಿಸೆಂಬರ್ 14

ನಾನು ಊಟ ಬಡಿಸೋ ಶಾಲೆ ಕ್ಯಾಂಟೀನಲ್ಲಿ ಮಕ್ಕಳು ತಟ್ಟೆ ಹಿಡಿದು ನಿಂತು ನನ್ನ ಮುಖ ನೋಡಿ ನಗ್ತಿವೆ. ಆ ವಿಡಿಯೋ ಎಲ್ಲಾ ಕಡೆ ಓಡ್ತಿದೆ.

ಸಂಜೆ ಲೈಲ್ ಬಂದ. ಕೈಯಲ್ಲಿ ಟೀ ಶರ್ಟು. ಅದರ ಮೇಲೆ ಬಾಯಿ ತೆಗೆದ ನನ್ನ ಮುಖ.

"ಮುಂದಿನ ಸಲ ಕೈಚೀಲದಲ್ಲಿ ಅವನಿಗೆ ಎರಡು ಬಾರಿಸಿ ವಾಂಡಾ."

"ನಾನು ನಾಟಕ ಮಾಡ್ತಿಲ್ಲ ಲೈಲ್."

"ಅದಕ್ಕೇ ಅಷ್ಟು ಚೆನ್ನಾಗಿರೋದು."

ಶರ್ಟು ಮೇಜಿನ ಮೇಲೆ ಬಿಟ್ಟು ಹೋದ. ಅಳತೆ ಸರಿಯಾಗಿದೆ.

ಜನವರಿ 15

ಬಾಯಿ ತೆಗೀಲಿಲ್ಲ. ಪಾದ್ರಿ ನನ್ನ ಎದುರೇ ನಿಂತು ಉಪದೇಶ ಮಾಡಿದ, ಕಾದ. ಫೋನುಗಳೂ ಕಾದವು. ಪಕ್ಕದಲ್ಲಿ ಕೂತಿದ್ದ ಗಡ್ಡದೋನು ಕಾಫಿ ತಂದ್ಕೊಟ್ಟ. ಹೆಸರು ಕೋಲ್ಬಿ. ಒಳ್ಳೇ ಹುಡುಗನೇ. ಯಾವ ಪೈಲ್ವಾನ್ ಯಾವ ಕಂಪನಿಗೆ ಹೋಗ್ತಾನೆ, ಇವತ್ತು ಯಾರು ಗೆಲ್ತಾರೆ, ಎಲ್ಲ ಮೊದಲೇ ಗೊತ್ತು ಅವನಿಗೆ. "ಬೈಯಿ ಅಜ್ಜಿ, ಅದಕ್ಕೇ ಎರಡು ಊರು ದಾಟಿ ಬಂದಿದ್ದೀನಿ" ಅಂದ. ತಮಾಷೆ ಮಾಡ್ತಿರಲಿಲ್ಲ. ನಿಜವಾಗ್ಲೂ ಆಸೆಪಟ್ಟು ಕೇಳಿದ.

ಆಗಲಿಲ್ಲ. ಬಾಯಿ ತೆಗೆದ್ರೆ ಶರ್ಟಿನ ಮೇಲಿನ ಆ ಮುಖ ಆಗ್ತೀನಿ.

ಕೊನೆಗೆ ಲೈಲ್ ಮೈಕ್ ಹಿಡಿದು ಹೇಳಿದ. ಫೆಬ್ರವರಿಯಲ್ಲಿ ಪಾದ್ರಿ ಏಣಿ ಹತ್ತುತ್ತಾನಂತೆ. ಹಾಲ್ ಎದ್ದು ಕುಣಿಯಿತು.

ಫೆಬ್ರವರಿ 14

ಮೊನ್ನೆಯದ್ದು ನಿನ್ನೆ ಬರೆಯಕ್ಕೆ ಕೂತೆ. ಆಗಲಿಲ್ಲ.

ಪಾದ್ರಿ ಏಣಿ ಮೇಲೆ ಹೋಗಿ ನಿಂತ. ಕೆಳಗೆ ಮೇಜು ಇಟ್ಟಿದ್ರು, ಬಿದ್ದಾಗ ಮುರಿಯೋ ಅಂಥದ್ದು. ಬಿದ್ದ. ಮೇಜು ಮುರೀಲಿಲ್ಲ. ಅಂಚಿಗೆ ಕತ್ತು ತಾಗಿ ಈ ಕಡೆ ಉರುಳಿದ, ಬೇಲಿಯಾಚೆ ನನ್ನ ಕಾಲಿನ ಹತ್ರವೇ.

ಅವನು ಪೆಟ್ಟು ಬಿದ್ದ ಹಾಗೆ ಮಾಡೋದು ನಂಗೆ ಬಾಯಿಪಾಠ. ಸೊಂಟ ಹಿಡೀತಾನೆ, ಕಾಲು ಒದರ್ತಾನೆ, ಮುಖ ಕಿವುಚ್ತಾನೆ. ಇದು ಹಾಗಿರಲಿಲ್ಲ. ಏನೂ ಅಲ್ಲಾಡ್ತಿರಲಿಲ್ಲ. ಕಣ್ಣು ಮಾತ್ರ ನನ್ನ ನೋಡ್ತಿತ್ತು.

"ನಿಲ್ಸ್ರೋ, ನಿಜವಾಗ್ಲೂ ಪೆಟ್ಟಾಗಿದೆ" ಅಂತ ಕಿರುಚಿದೆ.

ನಕ್ಕರು. "ಅಜ್ಜಿ ವಾಪಸ್ ಬಂದ್ಲು" ಅಂದ ಯಾರೋ. ಫೋನುಗಳು ಎದ್ದವು. ಬೇಲಿ ದಾಟಕ್ಕೆ ಹೋದೆ. ಕೋಲ್ಬಿ ಕೈ ಹಿಡಿದು ಹತ್ತಿಸಿದ, ಜನ ಹೋ ಅಂದ್ರು. ಹಿಂದಿನ ಸಾಲಿನೋರು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ತಾಳ ಹಾಕ್ತಿದ್ರು. ರೆಫರಿ ಬಂದು ಮುಟ್ಟಿ ನೋಡಿ ಎರಡೂ ಕೈ ಅಡ್ಡ ಮಾಡಿ ಎತ್ತಿ ಹಿಡಿದ. ನಿಜವಾದ ಪೆಟ್ಟಾದ್ರೆ ಮಾತ್ರ ತೋರ್ಸೋ ಗುರುತು. ಹುಡುಗರಿಗೆ ಅದೂ ಗೊತ್ತು. ಅದನ್ನೂ ಆಟದ ಭಾಗ ಅಂದ್ಕೊಂಡು ಚಪ್ಪಾಳೆ ಹೊಡೆದ್ರು.

ಆಂಬುಲೆನ್ಸ್ ಬಂದ ಮೇಲೆ ಹಾಲ್ ಸುಮ್ಮನಾಯ್ತು. ಕೋಲ್ಬಿ ಅಳ್ತಿದ್ದ. ಫೋನ್ ಕೆಳಗೆ ಇಳಿಸೋದು ಮರೆತಿದ್ದ.

ಫೆಬ್ರವರಿ 20

ಆರ್ವಿಲ್ ಫೋನು. "ನಾನೂ ನೋಡ್ತಿದ್ದೆ ವಾಂಡಾ. ನಾನೂ ನಕ್ಕೆ." ಅಷ್ಟು ಹೇಳಿ ಫೋನ್ ಇಟ್ಟ.

ಮಾರ್ಚ್ 5

ಆಸ್ಪತ್ರೆಗೆ ಹೋದೆ. ಡ್ವೈಟ್‌ನ ಅಕ್ಕ ಒಳಗೆ ಬಿಟ್ಟಳು. ಕತ್ತಿನಿಂದ ಕೆಳಗೆ ಏನೂ ಸ್ವಾಧೀನ ಇಲ್ಲ. ಇನ್ನು ಬರೋದೂ ಇಲ್ಲ ಅಂತ ಡಾಕ್ಟ್ರು ಅಂದಿದ್ದಾರಂತೆ.

ಮುಖದ ಎದುರು ಕಂಬಿಗೆ ಫೋನ್ ಸಿಕ್ಕಿಸಿದ್ದಾರೆ. ತಾನು ಬಿದ್ದ ವಿಡಿಯೋನೇ ಮತ್ತೆ ಮತ್ತೆ ನೋಡ್ತಾನೆ. ಅಕ್ಕ ಪ್ಲೇ ಒತ್ತಿ ಒತ್ತಿ ಸಾಕಾಗಿ ಹೊರಗೆ ಹೋದ್ಲು.

"ಇಲ್ಲಿ ಕೇಳಿ" ಅಂದ. "ಎಲ್ಲಾ ಚಪ್ಪಾಳೆ ಹೊಡೀತಿದ್ದಾರೆ. ಅದರ ಮಧ್ಯೆ ಒಂದು ದನಿ ಕಿರುಚುತ್ತೆ. ಮಾತು ತಿಳಿಯಲ್ಲ. ನೀವೇ ತಾನೇ?"

"ನಾನೇ."

"ನೆಲದ ಮೇಲೆ ಬಿದ್ದೋನನ್ನೂ ಬಿಡದೆ ಬೈದ್ರಿ." ಕಣ್ಣಲ್ಲಿ ನೀರು, ತುಟೀಲಿ ನಗು. "ಇಡೀ ಹಾಲಲ್ಲಿ ನೀವೊಬ್ಬರೇ ನನ್ನ ಕೈ ಬಿಡಲಿಲ್ಲ. ಏನಂದ್ರಿ? ಹೇಳಿ."

"ನರಕಕ್ಕೆ ಹೋಗು ಅಂದೆ" ಅಂತ ಹೇಳಿದೆ.

ಚೆನ್ನಾಗಿತ್ತು ಅಂದ. ಇನ್ನೊಂದ್ಸಲ ಒತ್ತಿ ಅಂದ. ಒತ್ತಿದೆ.

ಮಾರ್ಚ್ 12, ಭಾನುವಾರ, ಮಧ್ಯಾಹ್ನ

ಅವನ ಆಸ್ಪತ್ರೆ ಖರ್ಚಿಗೆ ಅಂತ ಇವತ್ತು ಕುಸ್ತಿ. ಟಿಕೆಟ್ ಎಲ್ಲ ಹೋಗಿದೆಯಂತೆ. ರಿಂಗ್ ಮಧ್ಯೆ ಕುರ್ಚಿ ಇಟ್ಟು ಅದರ ಮೇಲೆ ಪಾದ್ರಿಯ ನಿಲುವಂಗಿ ಹಾಕ್ತಾರೆ. ನಾನು ಎದ್ದು ಅದನ್ನ ಬೈಬೇಕು. ಹಾಲೆಲ್ಲ ನನ್ನ ಜೊತೆ ಬೈಯುತ್ತೆ. ಲೈಲ್‌ನ ಯೋಚನೆ ಇರಬೇಕು ಅಂದ್ಕೊಂಡು ಆಗಲ್ಲ ಅಂದೆ. ಅಲ್ಲ, ಡ್ವೈಟ್ ಕೇಳಿಕೊಂಡಿದ್ದಂತೆ. ಹಾಸಿಗೆಯಿಂದಲೇ ನೋಡ್ತಿರ್ತಾನಂತೆ.

ಕೋಟು ಹಾಕ್ಕೊಂಡು ಕೂತಿದ್ದೀನಿ. ಒಳಗೆ ಆ ಶರ್ಟು. ಹೊರಗೆ ಲೈಲ್ ಹಾರ್ನ್ ಹೊಡೀತಿದ್ದಾನೆ. ಒಂದು ಬೈಗುಳವೂ ನೆನಪಾಗ್ತಿಲ್ಲ. ಕನ್ನಡಿ ಮುಂದೆ ನಿಂತು ಒಂದ್ಸಲ ಬಾಯಿ ತೆಗೆದು ನೋಡಿದೆ. ಬಂದದ್ದು ಅವತ್ತು ಕಿರುಚಿದ್ದೇ: ನಿಲ್ಸ್ರೋ, ನಿಜವಾಗ್ಲೂ ಪೆಟ್ಟಾಗಿದೆ.