ಮಾರಕ್ಕನ ನಂಬರು

ಪುಟ್ಟೇನಹಳ್ಳಿ, ಯಲಹಂಕ
ಭಾನುವಾರ

ಮಾರಕ್ಕನವರಿಗೆ ನಮಸ್ಕಾರ.

ಮಹಡಿಯ ಬಾಡಿಗೆಯವಳು ಕೆಳಗಿರುವ ಮಾಲೀಕರಿಗೆ ಪತ್ರ ಬರೆಯುವುದೇ ಎಂದು ನಗಬೇಡಿ. ನಾಲ್ಕು ಮಾತಾಡುವಷ್ಟರಲ್ಲಿ ನನ್ನ ನಾಲಿಗೆ ಸೋತುಹೋಗುತ್ತದೆ.

ಮೂರು ವರ್ಷದಿಂದ ನನಗೊಂದು ಕಾಯಿಲೆ. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಕೇಳಿಸುವುದಿಲ್ಲ. ರೆಪ್ಪೆ ಜೋತುಬೀಳುತ್ತದೆ, ತುಟಿ ಅರಳುವುದಿಲ್ಲ. ಮೆಟ್ಟಿಲ ಬಳಿ ನೀವು "ಊಟ ಆಯ್ತಾ ಮೇಡಂ?" ಎಂದಾಗಲೆಲ್ಲ ನಾನು ನಕ್ಕಿದ್ದೇನೆ, ಅದು ಮುಖದವರೆಗೆ ಬರಲಿಲ್ಲ ಅಷ್ಟೇ. "ನಗಕ್ಕೂ ನಾವೇ ಬಾಡ್ಗೆ ಕೊಡ್ಬೇಕೇನೋ ಈಯಮ್ಮಂಗೆ" ಎಂದು ನೀವು ಹೂವಿನವಳಿಗೆ ಹೇಳಿದ್ದು ಕೇಳಿಸಿತು. ಆಗಲೂ ನಕ್ಕಿದ್ದೆ.

ನಾಳೆ ಹೆಬ್ಬಾಳದ ಹತ್ತಿರ ಆಸ್ಪತ್ರೆಗೆ ಸೇರುತ್ತೇನೆ. ಬುಧವಾರ ಆಪರೇಷನ್. ಎದೆಮೂಳೆಯ ಹಿಂದಿರುವ ಒಂದು ಗ್ರಂಥಿಯನ್ನು ತೆಗೆಯುತ್ತಾರೆ. ಆಮೇಲೆ ಕೆಲವರಿಗೆ ಕಾಯಿಲೆ ವರ್ಷಗಟ್ಟಲೆ ಸುಮ್ಮನಿರುತ್ತದಂತೆ. ನನಗೂ ಹಾಗಾಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಆಸೆ ಮಾತ್ರ ಇಟ್ಟುಕೊಂಡಿದ್ದೇನೆ.

ಬಾಲ್ಕನಿಯ ದೊಡ್ಡಪತ್ರೆ ಗಿಡಕ್ಕೆ ಒಂದಿಷ್ಟು ನೀರು ಹಾಕಿ. ಮನೆಯ ಕೀಲಿ ಇದೇ ಕವರಿನಲ್ಲಿದೆ.

ಇನ್ನೊಂದು ವಿಷಯ. ಮೊನ್ನೆ ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ನರ್ಸ್ ಕೇಳಿದರು. ಅವ್ವ ಹೋದ ಮೇಲೆ ಊರಲ್ಲಿ ಅಂಥವರು ಯಾರೂ ಉಳಿದಿಲ್ಲ. ಮಾರಕ್ಕ ಎಂದು ಹೇಳಿ ನಿಮ್ಮ ನಂಬರು ಕೊಟ್ಟೆ. "ಸ್ವಂತ ಅಕ್ಕಾನಾ?" ಎಂದರು. ಅಷ್ಟರಲ್ಲಿ ನನ್ನ ನಾಲಿಗೆ ಸೋತಿತ್ತು ಎಂದುಕೊಳ್ಳಿ. ನಾನು ತಿದ್ದಲಿಲ್ಲ.

ಬುಧವಾರ ಯಾರಾದರೂ ಫೋನ್ ಮಾಡಿ "ನಿಮ್ ತಂಗಿ..." ಎಂದು ಶುರುಮಾಡಿದರೆ, ರಾಂಗ್ ನಂಬರ್ ಎಂದು ಇಟ್ಟುಬಿಡಬೇಡಿ.

ಮಹಡಿ ಮನೆಯ
ಸ್ಮಿತಾ