ಖಾಲಿ ಉಳಿದ ಪ್ರಾರ್ಥನೆ

ಅಕ್ಕಾ,

ನೀನು ಕಥೆ ಬರೆದ ಸಂತನ ಕಾಮಿಕ್ಸಿಗೆ ಧರ್ಮಮಂಡಳಿಯ ಪ್ರಶಸ್ತಿ ಬಂದಿದೆ. ನಿನ್ನ ಪ್ರತಿಯನ್ನು ಅಂಚೆಯವರು ಕಳೆದಿಲ್ಲ, ನಾನೇ ಕಳಿಸಿರಲಿಲ್ಲ. ಈಗ ಇದರ ಜೊತೆಗಿದೆ. ಕೂತುಕೊಂಡು ಕೊನೆಯ ಪುಟ ತೆಗೆ.

ಅಮ್ಮ ಹಾಸಿಗೆ ಹಿಡಿದಿದ್ದಾಗ ಪಕ್ಕದಲ್ಲೇ ಕೂತು ನೀನು ಬರೆದ ಪ್ರಾರ್ಥನೆ ಸಂತನ ಬಾಯಲ್ಲಿಲ್ಲ. ಮಾತಿನ ಗುಳ್ಳೆಗಳಿಗೆಲ್ಲ ಅಕ್ಷರ ಬರೆದ ನಾನು, ಅದೊಂದನ್ನು ನಿಧಾನವಾಗಿ ಚೆಂದ ಬರೆಯೋಣವೆಂದು ಖಾಲಿ ಬಿಟ್ಟು ಮರೆತೇಬಿಟ್ಟೆ. "ಆ ಮೌನಕ್ಕೇ ಕಣ್ರೀ ಪ್ರಶಸ್ತಿ ಕೊಟ್ಟಿದ್ದು!" ಎಂದರು ತೀರ್ಪುಗಾರರು. ನಾನು ಮಹಾಜ್ಞಾನಿಯ ಹಾಗೆ ತಲೆಯಾಡಿಸಿದೆ.

ಸಮಾರಂಭದಲ್ಲಿ ಆ ಪ್ರಾರ್ಥನೆಯನ್ನು ನೀನೇ ಗಟ್ಟಿಯಾಗಿ ಓದು. ಪ್ರಶಸ್ತಿ ವಾಪಸ್ ಕೇಳಿದರೆ ಕೊಟ್ಟು ಬರೋಣ. ಪುಸ್ತಕ ನೋಡಿದ ಅಮ್ಮ, "ನಿಮ್ಮಕ್ಕ ನಂಗೆ ದಿನಾ ಓದ್ತಿದ್ದ ಆ ಮಾತೆಲ್ಲೋ?" ಎಂದು ಕೇಳಿದಳು. "ಅವಳೇ ಬಂದು ಹೇಳ್ತಾಳಮ್ಮ" ಎಂದುಬಿಟ್ಟಿದ್ದೇನೆ.

ಬೈಸಿಕೊಳ್ಳಲು ಕಾದಿರುವ,
ನಿನ್ನ ತಮ್ಮ